ಕೈಬಿಟ್ಟ ಹನ್ನೊಂದು ಪ್ರಯೋಗಗಳು

ಯಶವಂತನಗರ
12 ಜೂನ್ 2023

ತಂಗಿ ಗಂಗೋತ್ರಿಗೆ,

ಕಾಗದ ಕಂಡು ನಗಬೇಡ. ಗಣಿಯ ಕಂಟ್ರೋಲ್ ರೂಮಿನೊಳಗೆ ಫೋನ್ ಬಿಡುವುದಿಲ್ಲ, ಕ್ವಾರ್ಟರ್ಸಿನಲ್ಲಿ ಎರಡು ಮಾತಿಗೇ ಸಿಗ್ನಲ್ ಹೋಗುತ್ತದೆ. ಕಂಪನಿಯ ಇ-ಮೇಲ್‌ಗಳನ್ನು ಮೇಲಿನವರು ಓದುತ್ತಾರೆ. ಹೊಸಪೇಟೆಗೆ ಹೋಗುವ ಕಂಪನಿ ಬಸ್ಸಿನ ಡ್ರೈವರು ನಿಮ್ಮ ಕಾಲೇಜಿನ ಗೇಟಿನಲ್ಲಿ ಕೊಟ್ಟು ಬರುತ್ತೇನೆ ಎಂದ. ಹೀಗಾಗಿ ಪೆನ್ನು ಹಿಡಿದೆ. ನೀನು ಲ್ಯಾಬಿನಲ್ಲಿ ನನ್ನನ್ನು ಅಣ್ಣ ಎನ್ನತೊಡಗಿದ ಆ ಎಂ.ಟೆಕ್ ಮುಗಿದ ಮೇಲೆ ಇಷ್ಟು ಉದ್ದ ಬರೆಯುತ್ತಿರುವುದು ಇದೇ ಮೊದಲು.

ಸಂತೋಷದ ಸುದ್ದಿ ಮೊದಲು. ನೀನು, ನಿನ್ನ ಗೈಡ್ ವಿಜಯಕುಮಾರ್ ಸರ್ ಸೇರಿ ಮಾಡಿದ ವ್ಯವಸ್ಥೆ ನಮ್ಮ ಗಣಿಗೆ ಬಂದು ಒಂದು ತಿಂಗಳಾಯಿತು. ಲಾರಿ, ಡಂಪರ್, ಟ್ಯಾಂಕರ್ ಎಲ್ಲಿವೆ ಎಂದು ತೋರಿಸುವ ಪರದೆಯ ಮುಂದೆ ಕೂರುವವನು ನಾನೇ. ಮೊದಲು ಮೂರು ಬೇರೆ ಬೇರೆ ಕಂಪ್ಯೂಟರ್ ಇದ್ದವು. ಧೂಳಿಗೆ ವಾರಕ್ಕೊಂದು ಸಾಯುತ್ತಿತ್ತು. ಈಗ ಎರಡು ದೊಡ್ಡ ಸರ್ವರ್, ಅವುಗಳೊಳಗೆ ಮೂರು ವರ್ಚುವಲ್ ಮಷಿನ್. ನೀರಿನ ಟ್ಯಾಂಕರ್ ಓಡಿಸುವ ಗಾಳೆಪ್ಪ ಚಹಾ ಕುಡಿಯಲು ಬಂದಾಗ ಇದೇನೆಂದು ಕೇಳಿದ. ನಾನು ಹೇಳಿದೆ: "ದೊಡ್ಡ ಮನಿಯಾಗ ಮೂರು ಬಾಡಿಗಿ ಸಂಸಾರ ಇದ್ದಂಗ ಲೇ. ಮನಿ ಗ್ವಾಡಿ ಬೀಳ್ತೈತಿ ಅಂತ ಮುಂಚೇನ ಗೊತ್ತಾಗಿ, ಸಂಸಾರ ಸಾಮಾನು ಸಮೇತ ಪಕ್ಕದ ಮನಿಗೆ ಹೋಗಿ ಕುಂದರ್ತೈತಿ."

"ಅಡಿಗಿ ಒಲಿ ಆರಿಸಿ ಹೋಗ್ತಾರೋ, ಹಂಗಽ ಹೋಗ್ತಾರೋ?"

"ಆರಿಸಂಗಿಲ್ಲ. ಎರಡು ಸೆಕೆಂಡ್ ಅಷ್ಟ. ಬೇಯೋ ಅನ್ನ ಬೇಯ್ತಾನ ಇರ್ತೈತಿ."

"ಹಂಗಾರ ಆ ಹೆಣ್ಮಗಳು ಭಾಳ ಶ್ಯಾಣ್ಯಾಕಿ ಬಿಡು" ಎಂದ. ನಿನಗೆ ಸಿಕ್ಕ ಮೊದಲ ಡಾಕ್ಟರೇಟ್ ಇದೇ ಎಂದುಕೋ.

ನಮ್ಮ ಎಂಜಿನಿಯರ್ ಲಿಂಗರಾಜ್ ಸಾಹೇಬರಿಗೆ ಪತ್ರಿಕೆಯಲ್ಲಿ ಬಂದ ನಿನ್ನ ಪ್ರಬಂಧದ ಆ ಸಾಲನ್ನು ನಾನೇ ಓದಿ ತೋರಿಸಿದ್ದೆ: ನಾಲ್ಕುನೂರಾ ಒಂದು ಪ್ರಯೋಗ, ಒಂದರಲ್ಲೂ ಮಷಿನ್ ಎರಡು ಸೆಕೆಂಡು ಮೀರಿ ನಿಂತಿಲ್ಲ.

ಒಂದು ಸಣ್ಣ ಮಾತು. ಹೋದ ಬುಧವಾರ ಮಧ್ಯಾಹ್ನ ಎರಡಕ್ಕೆ ಶಿಫ್ಟ್ ಬದಲಾಗುವಾಗ ಪರದೆ ನಿಂತುಬಿಟ್ಟಿತು. ಕಪ್ಪಾಗಲಿಲ್ಲ, ಎಚ್ಚರಿಕೆಯ ಸದ್ದೂ ಆಗಲಿಲ್ಲ. ಗಾಡಿಗಳೆಲ್ಲ ಇದ್ದಲ್ಲೇ ಇದ್ದಂತೆ ತೋರಿಸುತ್ತಿತ್ತು. ಕಿಟಕಿಯಿಂದ ನೋಡಿದರೆ ಎಲ್ಲವೂ ಓಡಾಡುತ್ತಿವೆ. ಒಂದು ನಿಮಿಷದ ಮೇಲೆ ತಾನೇ ಸರಿಹೋಯಿತು. ನಾನೇ ಏನೋ ತಪ್ಪು ಜೋಡಿಸಿರಬೇಕು. ಎಲ್ಲಿ ನೋಡಬೇಕೆಂದು ಬರೆ.

ನಿನ್ನ ಅಣ್ಣ,
ಯಲ್ಲೇಶ್


ಹೊಸಪೇಟೆ
1 ಜುಲೈ 2023

ಯಲ್ಲೇಶಣ್ಣನಿಗೆ ನಮಸ್ಕಾರಗಳು.

ಗೇಟಿನ ಸೆಕ್ಯುರಿಟಿಯವರು "ಮೇಡಂ, ನಿಮಗ ಲವ್ ಲೆಟರ್ ಬಂದೈತ್ರಿ" ಎಂದು ಇಡೀ ಡಿಪಾರ್ಟ್‌ಮೆಂಟಿಗೆ ಕೇಳುವಂತೆ ಕೂಗಿದರು. ಲಕೋಟೆಯ ಮೇಲೆಲ್ಲ ಅದಿರಿನ ಕೆಂಪು ಬೆರಳಚ್ಚು ನೋಡಿ ನೀವೇ ಎಂದು ಗೊತ್ತಾಯಿತು.

ಗಾಳೆಪ್ಪನವರಿಗೆ ನನ್ನ ನಮಸ್ಕಾರ ತಿಳಿಸಿ.

ಪರದೆ ನಿಂತ ವಿಷಯ. ಮೊದಲು ನೆಟ್‌ವರ್ಕ್ ಕೇಬಲ್‌ಗಳನ್ನು ಬದಲಾಯಿಸಿ. ಎರಡು ಸರ್ವರ್‌ಗಳ ನಡುವಿನ ಸ್ವಿಚ್‌ನಲ್ಲಿ ಧೂಳು ಕೂತಿದ್ದರೆ ತೆಗೆಸಿ. ಯುಪಿಎಸ್ ಕೂಡ ನೋಡಿ, ಅಲ್ಲಿ ಕರೆಂಟ್ ಏರುಪೇರು ಇರುತ್ತದಲ್ಲ. ಇವುಗಳಲ್ಲಿ ಯಾವುದೋ ಒಂದು ಇರಬಹುದು.

ಇಲ್ಲಿ ಥೀಸಿಸ್ ಬರೆಯುವ ಅವಸರ. ವರ್ಷದೊಳಗೆ ವೈವಾ ಮುಗಿದರೆ ಇಲ್ಲೇ ಅಸಿಸ್ಟೆಂಟ್ ಪ್ರೊಫೆಸರ್ ಹುದ್ದೆಗೆ ನನ್ನ ಹೆಸರು ಹೇಳುತ್ತೇನೆ ಎಂದು ಸರ್ ಮಾತು ಕೊಟ್ಟಿದ್ದಾರೆ. ಪಾಪಿನಾಯಕನಹಳ್ಳಿಗೆ ಹೋದಾಗಲೆಲ್ಲ ನಮ್ಮಪ್ಪ ಕಬ್ಬಿನ ಗದ್ದೆಯಿಂದಲೇ ಕೇಳುತ್ತಾರೆ, "ಮುಗೀತೇನವ್ವಾ ನಿನ್ನ ಓದು?" ಜೊತೆಗೆ ಕಬ್ಬು ಕಡಿಯುವವರೆಲ್ಲ ಕುಡುಗೋಲು ನಿಲ್ಲಿಸಿ ನನ್ನ ಉತ್ತರಕ್ಕೆ ಕಾಯುತ್ತಾರೆ. ಪ್ರತಿ ಸಲ "ಇನ್ನೇನ್ ಮುಗೀತಪ್ಪ" ಎನ್ನುತ್ತೇನೆ.

ಧೂಳು ತೆಗೆಸಿ ನೋಡಿ, ಬರೆಯಿರಿ.

ಗಂಗೋತ್ರಿ


ಯಶವಂತನಗರ
28 ಆಗಸ್ಟ್ 2023

ತಂಗಿ ಗಂಗೋತ್ರಿಗೆ,

ನೀನು ಹೇಳಿದ್ದನ್ನೆಲ್ಲ ಮಾಡಿದೆ. ಕೇಬಲ್ ಬದಲಾಯಿತು, ಸ್ವಿಚ್ ಬಿಚ್ಚಿ ಬ್ರಷ್ ಹಾಕಿ ತಿಕ್ಕಿದೆ, ಯುಪಿಎಸ್ ಹೊಸದು ಬಂತು. ಮೂರು ಭಾನುವಾರ ಕಂಪ್ಲಿಗೆ ಹೋಗಲಿಲ್ಲ. ನನ್ನ ಹೆಂಡತಿ ರಮಾ ಫೋನಿನಲ್ಲಿ, "ಅದೇನು ಆ ಮಷಿನ್ ಕೂಟ ಮದುವಿ ಆಗೀರೇನು?" ಎಂದಳು.

ಆದರೂ ಪರದೆ ನಿಲ್ಲುತ್ತಿದೆ. ನಾನೊಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. ಜುಲೈಯಲ್ಲಿ ಎರಡು ಸಲ, ಈ ತಿಂಗಳು ನಾಲ್ಕು ಸಲ. ಪ್ರತಿ ಸಲವೂ ಮಧ್ಯಾಹ್ನ ಎರಡರ ಆಸುಪಾಸು. ಒಂದು ಶಿಫ್ಟಿನ ಗಾಡಿಗಳು ಒಳಗೆ, ಇನ್ನೊಂದು ಶಿಫ್ಟಿನವು ಹೊರಗೆ, ಎಲ್ಲವೂ ಒಟ್ಟಿಗೆ ಚಲಿಸುವ ಹೊತ್ತು. ಹೋದ ಶುಕ್ರವಾರ ಮೂರು ನಿಮಿಷ ಹತ್ತು ಸೆಕೆಂಡು. ಧೂಳಿಗೆ ಗಡಿಯಾರ ನೋಡಲು ಬರುತ್ತದೆಯೇ, ಗಂಗೋತ್ರಿ?

ಲಿಂಗರಾಜ್ ಸಾಹೇಬರು ನಿನ್ನೆ ಎಲ್ಲರ ಎದುರು, "ಕಾಲೇಜಿನವರು ಮಾಡಿದ್ದು ಬರೋಬರಿ ಐತಿ. ನಡಸೋಕ ಬರಂಗಿಲ್ಲ ಅಂದ್ರ ಹೇಳ್ರಿ, ಬ್ಯಾರೆಯವರು ಅದಾರ" ಎಂದರು.

ನನಗೆ ಒಂದೇ ಮಾತು ಬೇಕು. ನಿಮ್ಮ ಪ್ರಯೋಗಗಳಲ್ಲಿ ಹೀಗೆ ಎಂದಾದರೂ ಆಗಿತ್ತೇ? ಒಂದು ಸಲವಾದರೂ? ಹೌದು ಅಥವಾ ಇಲ್ಲ ಎಂದು ಬರೆದರೆ ಸಾಕು.

ಯಲ್ಲೇಶ್


ಹೊಸಪೇಟೆ
20 ಸೆಪ್ಟೆಂಬರ್ 2023

ಯಲ್ಲೇಶಣ್ಣನಿಗೆ,

ತಡವಾಯಿತು, ಕ್ಷಮಿಸಿ. ಪ್ರಬಂಧದಲ್ಲಿರುವ ನಾಲ್ಕುನೂರಾ ಒಂದು ಪ್ರಯೋಗಗಳಲ್ಲಿ ಎರಡು ಸೆಕೆಂಡು ಮೀರಿದ್ದು ಒಂದೂ ಇಲ್ಲ.

ಆದರೂ ಒಂದು ಕೆಲಸ ಮಾಡಬಹುದು. ಸೆಟ್ಟಿಂಗ್ಸ್‌ನಲ್ಲಿ ಮಷಿನ್ ತಾನಾಗಿಯೇ ಪಕ್ಕದ ಸರ್ವರಿಗೆ ಹೋಗುವುದನ್ನು ನಿಲ್ಲಿಸುವ ಆಯ್ಕೆ ಇದೆ. ಮಧ್ಯಾಹ್ನ ಒಂದೂವರೆಯಿಂದ ಎರಡೂವರೆಯವರೆಗೆ ಅದನ್ನು ಆಫ್ ಮಾಡಿಟ್ಟರೆ ಒಳ್ಳೆಯದು. ಕಡ್ಡಾಯವೇನಲ್ಲ. ಸುಮ್ಮನೆ ಹೇಳಿದೆ.

ಮನೆಯವರನ್ನು ಕೇಳಿದೆನೆಂದು ಹೇಳಿ.

ಗಂಗೋತ್ರಿ


ಯಶವಂತನಗರ
5 ಅಕ್ಟೋಬರ್ 2023

ತಂಗಿ ಗಂಗೋತ್ರಿಗೆ,

ನಿನ್ನ ಪತ್ರ ಎರಡು ಸಲ ಓದಿದೆ. "ಸುಮ್ಮನೆ ಹೇಳಿದೆ" ಎಂದು ಬರೆದಿದ್ದೀಯ. ಲ್ಯಾಬಿನಲ್ಲಿ ಎರಡು ವರ್ಷ ನಿನ್ನ ಪಕ್ಕದಲ್ಲಿ ಕೂತಿದ್ದೇನೆ, ನೀನು ಸುಮ್ಮನೆ ಹೇಳಿದ್ದು ಒಂದೂ ನೆನಪಿಲ್ಲ. ಡಾಕ್ಟರೇಟಿನ ಹತ್ತಿರ ಬಂದವರು ಕಂಟ್ರೋಲ್ ರೂಮಿನವನಿಗೆ ಕಾರಣ ವಿವರಿಸಬೇಕಿಲ್ಲ ಎಂದುಕೊಂಡೆಯೋ ಏನೋ. ಇರಲಿ.

ಸಾಹೇಬರಿಗೆ ಹೇಳಿದೆ. "ಆಫ್ ಮಾಡಿದಾಗ ಸರ್ವರ್ ಸತ್ತರ ಯಾರು ಜವಾಬ್ದಾರಿ? ಕಾಲೇಜಿಂದ ಸೀಲ್ ಹಾಕಿ ಕಾಗದ ತರಸ್ರಿ, ಆಮ್ಯಾಲೆ ನೋಡೋಣು" ಎಂದರು.

ನನಗೆ ನಿನ್ನಿಂದ ಎರಡು ಸಾಲು ಸಾಕು. ಲೆಟರ್‌ಹೆಡ್, ಸಹಿ, ಸೀಲ್. "ಮಧ್ಯಾಹ್ನ ಒಂದು ತಾಸು ಆಫ್ ಇಡುವುದು ಸೂಕ್ತ" ಎಂದಷ್ಟೇ. ಕಂಪನಿ ಬಸ್ಸು ದಿನಾ ಸಂಜೆ ಆರಕ್ಕೆ ನಿಮ್ಮ ಗೇಟಿನ ಮುಂದೆ ಹಾಯುತ್ತದೆ.

ಯಲ್ಲೇಶ್


ಯಶವಂತನಗರ
9 ನವೆಂಬರ್ 2023

ಗಂಗೋತ್ರಿಗೆ,

ತಿಂಗಳು ದಾಟಿತು. ಡ್ರೈವರನನ್ನು ಕೇಳುವುದಕ್ಕೇ ನನಗೆ ನಾಚಿಕೆ. ನನ್ನ ಮುಖ ಕಂಡರೆ ಅವನೇ "ಇಲ್ರಿ" ಎನ್ನುತ್ತಾನೆ.

ಹೋದ ವಾರ ಸಾಹೇಬರು ಮೂರು ದಿನ ರಜೆಯಲ್ಲಿದ್ದರು. ಆ ಮೂರು ದಿನ ಪರದೆ ಒಮ್ಮೆಯೂ ನಿಲ್ಲಲಿಲ್ಲ. ಆದರೂ ನನಗೆ ಆ ಕಾಗದ ಬೇಕು. ದಯವಿಟ್ಟು ಕಳಿಸು.

ಯಲ್ಲೇಶ್


ಸಂಡೂರು
14 ಡಿಸೆಂಬರ್ 2023

ಗಂಗೋತ್ರಿ,

ಸರಕಾರಿ ಆಸ್ಪತ್ರೆಯ ವರಾಂಡದಲ್ಲಿ ಕೂತು ಬರೆಯುತ್ತಿದ್ದೇನೆ. ಬೇರೆ ಯಾರಿಗೆ ಬರೆಯಬೇಕೋ ಗೊತ್ತಿಲ್ಲ.

ಮೊನ್ನೆ ಮಂಗಳವಾರ ಮಧ್ಯಾಹ್ನ ಎರಡು ಗಂಟೆ ನಾಲ್ಕು ನಿಮಿಷ. ಗಾಳೆಪ್ಪ ರಸ್ತೆಗೆ ನೀರು ಹೊಡೆದು ವಾಪಸ್ ಬರುತ್ತಿದ್ದ. ಬೇವಿನಮರದ ತಿರುವಿನ ಹತ್ತಿರ ಎರಡು ಗಾಡಿ ಎದುರುಬದುರಾದರೆ ಒಂದಕ್ಕೊಂದು ಕಾಣುವುದಿಲ್ಲ. ಲೋಡಾದ ಡಂಪರ್ ಅಲ್ಲಿ ನಿಲ್ಲುವುದಿಲ್ಲ, ಉಳಿದ ಗಾಡಿಗಳು ನಮ್ಮನ್ನು ಕೇಳಿಯೇ ಮುಂದೆ ಬರಬೇಕು. ವಾಕಿಟಾಕಿಯಲ್ಲಿ ಕೇಳಿದ: "ಯಲ್ಲೇಶಾ, ಬರಲೇನು?"

ನಾನು ಪರದೆ ನೋಡಿದೆ. ಏಳನೇ ನಂಬರಿನ ಡಂಪರ್ ಲೋಡಿಂಗ್ ಜಾಗದಲ್ಲಿ ನಿಂತಿದೆ. ಹೇಳಿದೆ: "ಖಾಲಿ ಐತಿ, ಬಾ."

ಡಂಪರ್ ಅಲ್ಲಿರಲಿಲ್ಲ. ಅದು ಅಲ್ಲಿಂದ ಹೊರಟು ಮೂರು ನಿಮಿಷದ ಮೇಲಾಗಿತ್ತು. ಟ್ಯಾಂಕರಿನ ಕ್ಯಾಬಿನ್ ತಗಡಿನ ಡಬ್ಬಿಯ ಹಾಗೆ ಮಡಚಿತು. ಗಾಳೆಪ್ಪನನ್ನು ಹೊರತೆಗೆಯಲು ಐವತ್ತು ನಿಮಿಷ ಬೇಕಾಯಿತು. ಬಲಗಾಲು ಮೊಣಕಾಲಿನ ಮೇಲಿನಿಂದ ಹೋಯಿತು. ಬಳ್ಳಾರಿಯಿಂದ ಬಂದ ಡಾಕ್ಟರು ಇಲ್ಲೇ ಆಪರೇಷನ್ ಮಾಡಿದರು.

ಇವತ್ತು ಬೆಳಿಗ್ಗೆ ಎಚ್ಚರಾದ. ನನ್ನ ನೋಡಿ ಕೋಪ ಮಾಡಲಿಲ್ಲ. ಅರ್ಥವಾಗದವನ ಹಾಗೆ ಕೇಳಿದ: "ನೀ ಖಾಲಿ ಐತಿ ಅಂದಿ ಅಲ್ಲೋ. ಅದಕ್ಕ ಬಂದೆ."

ನನ್ನನ್ನು ಅಮಾನತಿನಲ್ಲಿಟ್ಟಿದ್ದಾರೆ. ವಿಚಾರಣೆ ಇದೆಯಂತೆ. ತಜ್ಞರ ವರದಿಗೆ ನಿಮ್ಮ ಕಾಲೇಜಿಗೇ ಬರೆದಿದ್ದಾರಂತೆ. ಅದು ಕೇಳಿ ನನಗೆ ಸ್ವಲ್ಪ ಧೈರ್ಯ ಬಂತು. ನೀನಿದ್ದೀಯಲ್ಲ. ನನ್ನ ನೋಟ್‌ಬುಕ್ಕು ಕಳಿಸುತ್ತಿದ್ದೇನೆ. ಇಪ್ಪತ್ತಾರು ಸಲ ನಿಂತದ್ದಕ್ಕೂ ದಿನ, ಗಂಟೆ, ನಿಮಿಷ ಇದೆ. ನೋಡು.

ಯಲ್ಲೇಶಣ್ಣ


ಹೊಸಪೇಟೆ
22 ಡಿಸೆಂಬರ್ 2023

ಯಲ್ಲೇಶಣ್ಣನಿಗೆ,

ಪತ್ರ ಓದಿದೆ. ಗಾಳೆಪ್ಪನವರು ಬೇಗ ಚೇತರಿಸಿಕೊಳ್ಳಲಿ. ಅವರ ಮನೆಯವರಿಗೆ ಧೈರ್ಯ ಹೇಳಿ. ನೀವೂ ಊಟ ನಿದ್ದೆ ಬಿಡಬೇಡಿ.

ನೋಟ್‌ಬುಕ್ಕು ತಲುಪಿದೆ. ಸರ್ ಕೈಗೆ ಕೊಟ್ಟಿದ್ದೇನೆ. ವರದಿಯನ್ನು ಅವರೇ ಬರೆಯುತ್ತಾರೆ. ಎಲ್ಲವನ್ನೂ ಪರಿಗಣಿಸುತ್ತೇನೆ ಎಂದಿದ್ದಾರೆ.

ಲೆಟರ್‌ಹೆಡ್ಡಿನ ಕಾಗದ ಕಳಿಸಲಾಗಲಿಲ್ಲ. ಅದರ ಬಗ್ಗೆ ಮುಖತಃ ಮಾತಾಡೋಣ.

ಗಂಗೋತ್ರಿ


ಕಂಪ್ಲಿ
19 ಫೆಬ್ರವರಿ 2024

ಡಾ. ಗಂಗೋತ್ರಿ ಮೇಡಂ ಅವರಿಗೆ,

ತಜ್ಞರ ವರದಿಯ ಪ್ರತಿ ಕೈಸೇರಿದೆ. ಹದಿನಾಲ್ಕು ಪುಟ. ಇಂಗ್ಲಿಷ್ ಬಹಳ ಚೆನ್ನಾಗಿದೆ.

ಒಂಬತ್ತನೇ ಪುಟದಲ್ಲಿ ವ್ಯವಸ್ಥೆಯಲ್ಲಿ ಯಾವ ದೋಷವೂ ಇಲ್ಲವೆಂದಿದೆ. ಹನ್ನೊಂದನೇ ಪುಟದಲ್ಲಿ ನಿರ್ವಾಹಕನು ಪರದೆಯ ಮೂಲೆಯ ಸಮಯವನ್ನು ಗಮನಿಸದೆ ಅಜಾಗರೂಕತೆಯಿಂದ ಸೂಚನೆ ಕೊಟ್ಟನೆಂದಿದೆ. ನಿರ್ವಾಹಕನ ನೋಟ್‌ಬುಕ್ಕು ಕೈಬರಹದ್ದಾದ್ದರಿಂದ ಸಾಕ್ಷ್ಯವಾಗಿ ಪರಿಗಣಿಸಿಲ್ಲವೆಂದಿದೆ.

ಕೊನೆಯ ಪುಟದಲ್ಲಿ ಎರಡು ಸಹಿ ಇವೆ. ಮೊದಲನೆಯದು ವಿಜಯಕುಮಾರ್ ಸರ್ ಅವರದು. ಎರಡನೆಯದು ನಿಮ್ಮದು.

ಎರಡನೆಯ ಸಹಿಯನ್ನು ಬಹಳ ಹೊತ್ತು ನೋಡಿದೆ. ಲ್ಯಾಬ್ ರಿಜಿಸ್ಟರಿನಲ್ಲಿ ನನ್ನ ಹೆಸರಿನ ಕೆಳಗೆ ಎರಡು ವರ್ಷ ಬೀಳುತ್ತಿದ್ದ ಸಹಿಯೇ. ನನ್ನ ಕೆಲಸ ಹೋಗಿದೆ. ಕ್ವಾರ್ಟರ್ಸ್ ಖಾಲಿ ಮಾಡಿ ಬಂದಿದ್ದೇನೆ. ಇಲ್ಲಿ ಮಾವನವರ ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ ಕೂರುತ್ತೇನೆ. ಕೆಟ್ಟಿದ್ದರೆ ಸುಟ್ಟ ವಾಸನೆ ಬರುತ್ತದೆ, ಯಾರೂ ಕೆಟ್ಟಿಲ್ಲ ಎನ್ನುವುದಿಲ್ಲ.

ವೈವಾ ಚೆನ್ನಾಗಿ ಆಯಿತೆಂದು ಕೇಳಿದೆ. ಅಭಿನಂದನೆಗಳು.

ಇಂತಿ,
ಕೆ. ಯಲ್ಲೇಶ್


ಹೊಸಪೇಟೆ
11 ಜುಲೈ 2024

ಯಲ್ಲೇಶಣ್ಣನಿಗೆ,

ಹೀಗೆ ಕರೆಯುವ ಯೋಗ್ಯತೆ ಇಲ್ಲ. ಬೇರೆ ಹೇಗೆ ಕರೆಯಬೇಕೋ ತಿಳಿಯಲಿಲ್ಲ.

ನೀವು ಹೋದ ಆಗಸ್ಟಿನಲ್ಲಿ ಹೌದೋ ಇಲ್ಲವೋ ಎಂದು ಕೇಳಿದ್ದಿರಿ. ಹೌದು. ನಾನು ಮಾಡಿದ ಪ್ರಯೋಗಗಳು ನಾಲ್ಕುನೂರಾ ಹನ್ನೆರಡು. ಅವುಗಳಲ್ಲಿ ಹನ್ನೊಂದರಲ್ಲಿ ಮಷಿನ್ ನಿಂತಿತ್ತು. ಒಂದೂವರೆ ನಿಮಿಷದಿಂದ ನಾಲ್ಕು ನಿಮಿಷದವರೆಗೆ.

ಕಾರಣವೂ ನನಗೆ ಗೊತ್ತಿತ್ತು. ನೀವು ಗಾಳೆಪ್ಪನವರಿಗೆ ಹೇಳಿದ ಮನೆಯ ಮಾತಿನಲ್ಲೇ ಹೇಳುವುದಾದರೆ, ಹಳೆಯ ಮನೆಯಿಂದ ಸಾಮಾನು ಸಾಗಿಸುತ್ತಿರುವಾಗಲೇ ಅಲ್ಲಿಗೆ ಹೊಸ ಸಾಮಾನು ಬಂದು ಬೀಳುತ್ತಿದ್ದರೆ ಸಾಗಿಸುವುದು ಮುಗಿಯುವುದೇ ಇಲ್ಲ. ಕೊನೆಗೆ ಎಲ್ಲವನ್ನೂ ನಿಲ್ಲಿಸಿ ಒಟ್ಟಿಗೆ ಹೊತ್ತು ಹಾಕಬೇಕಾಗುತ್ತದೆ. ಗಾಡಿಗಳೆಲ್ಲ ಒಮ್ಮೆಗೆ ಹೊರಟಾಗ ನಿಮ್ಮ ಮಷಿನ್ನಿನೊಳಗೆ ಹಾಗೆಯೇ ಆಗುತ್ತಿತ್ತು. ಕೆಲಸ ಏರಿದ್ದನ್ನೇ ಕೆಡುವ ಲಕ್ಷಣವೆಂದು ತಿಳಿದು ನಮ್ಮ ವ್ಯವಸ್ಥೆ ಮಷಿನ್ನನ್ನು ಅದೇ ಹೊತ್ತಿಗೆ ಎಬ್ಬಿಸಿ ಕಳಿಸುತ್ತಿತ್ತು. ನಿಮ್ಮ ಮೊದಲ ಪತ್ರದಲ್ಲಿ "ಶಿಫ್ಟ್ ಬದಲಾಗುವಾಗ" ಎಂದು ಓದಿದ ಕೂಡಲೇ ಗೊತ್ತಾಯಿತು. ಗೊತ್ತಾದ ಮೇಲೆ ಧೂಳು ಒರೆಸಿರಿ ಎಂದು ಬರೆದೆ. ನೀವು ಒರೆಸಿದಿರಿ.

ಆ ಹನ್ನೊಂದನ್ನು ಸರ್‌ಗೆ ತೋರಿಸಿದ ದಿನ ಅವರು ಕನ್ನಡಕ ಸಹ ತೆಗೆಯಲಿಲ್ಲ. "ಅವು ಕರೆಂಟ್ ಏರುಪೇರಿಂದ ಆಗಿದ್ದಮ್ಮ. ತೆಗೆದು ಬಿಡು. ನಾಲ್ಕುನೂರರಾಗ ಹನ್ನೊಂದು ಏನು ದೊಡ್ಡದು?" ಎಂದರು. ಆ ಹನ್ನೊಂದರಲ್ಲಿ ಒಮ್ಮೆಯೂ ಕರೆಂಟು ಹೋಗಿರಲಿಲ್ಲ. ಹೋಗಿರಲಿಲ್ಲ ಸರ್ ಎಂದು ನಾನು ಹೇಳಲಿಲ್ಲ. ಅಳಿಸಿದ ಕೈ ನನ್ನದೇ.

ನಿಮಗೆ "ಪ್ರಬಂಧದಲ್ಲಿರುವ ನಾಲ್ಕುನೂರಾ ಒಂದು" ಎಂದು ಬರೆದ ವಾಕ್ಯವನ್ನು ಕಟ್ಟಲು ಒಂದು ಮಧ್ಯಾಹ್ನ ತೆಗೆದುಕೊಂಡಿದ್ದೆ. ಅದರಲ್ಲಿ ಸುಳ್ಳಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಲೆಟರ್‌ಹೆಡ್ ಕೇಳಲು ಹೋಗಿದ್ದೆ. "ಆಫ್ ಇಡ್ರಿ ಅಂತ ಬರದುಕೊಟ್ರ ನಮ್ಮ ಪ್ರಬಂಧ ಸುಳ್ಳು ಅಂತ ನಾವ ಒಪ್ಪಿದಂಗ. ನಿನ್ನ ವೈವಾ ಆಗಬೇಕೋ ಬ್ಯಾಡೋ?" ಎಂದರು. ನಿಮ್ಮ ನವೆಂಬರಿನ ಪತ್ರ ಬಂದಾಗ ನಾನು ಸಮ್ಮೇಳನದ ಅತಿಥಿಗಳನ್ನು ಹಂಪಿ ತೋರಿಸಲು ಕರೆದೊಯ್ಯುತ್ತಿದ್ದೆ. ಬಸ್ಸಿನಲ್ಲೇ ಒಡೆದು ಓದಿದೆ. ಮೂರು ದಿನ ಪರದೆ ನಿಲ್ಲಲಿಲ್ಲ ಎಂಬ ಸಾಲು ಕಂಡದ್ದೇ, ಸರಿಹೋಗಿದೆ ಎಂದುಕೊಂಡೆ. ಎಷ್ಟು ಹಗುರಾದೆನೆಂದರೆ ಅಂದು ಎಲ್ಲರ ಫೋಟೋ ನಾನೇ ತೆಗೆದೆ. ಉಳಿದ ಸಾಲು ಓದಿದರೂ ಓದದ ಹಾಗೆ ಮಡಚಿಟ್ಟೆ.

ವರದಿಗೆ ಸಹಿ ಹಾಕಿದ್ದು ಜನವರಿ ಇಪ್ಪತ್ತೊಂಬತ್ತು. ವೈವಾ ಫೆಬ್ರವರಿ ಒಂದು. ಇಷ್ಟರ ಮೇಲೆ ವಿವರಣೆ ಇಲ್ಲ.

ಹುದ್ದೆ ಸಿಕ್ಕಿತು. ನಾಲ್ಕು ತಿಂಗಳು ಪಾಠವನ್ನೂ ಮಾಡಿದೆ. ಜೂನ್ ಹದಿನೆಂಟರಂದು ಗಾಳೆಪ್ಪನವರ ಹೆಂಡತಿ ಅನುಸೂಯಾ ನನ್ನ ಕೊಠಡಿಗೆ ಬಂದರು. ಕಂಪನಿ ಕ್ಯಾಂಟೀನಿನ ಹಸಿರು ಸೀರೆಯಲ್ಲೇ ಬಂದಿದ್ದರು, ಕೆಲಸದ ನಡುವೆ ರಜೆ ಹಾಕಿರಬೇಕು. ಚೀಲದಿಂದ ಆ ವರದಿ ತೆಗೆದು ಮೇಜಿನ ಮೇಲಿಟ್ಟರು. ನೀವು ಕೊಟ್ಟದ್ದಂತೆ.

"ಇದು ಇಂಗ್ಲಿಷ್ನಾಗ ಐತ್ರಿ. ಊರಾಗ ಯಾರೂ ಬರೋಬರಿ ಹೇಳವಲ್ರು. ಕಡೀ ಹಾಳ್ಯಾಗ ನಿಮ್ಮ ಹೆಸರೈತಿ ಅಂದ್ರು. ನೀವಽ ಬರದಿದ್ದಂದ್ರ ನೀವಽ ಓದಿ ಹೇಳ್ರಿ."

ಕುಳಿತುಕೊಳ್ಳಿ ಎಂದೆ. "ಬ್ಯಾಡ್ರಿ, ಓದ್ರಿ" ಎಂದರು.

ನಾನು ಓದಿದೆ, ಯಲ್ಲೇಶಣ್ಣ. ಹದಿನಾಲ್ಕು ಪುಟವನ್ನೂ ಸಾಲುಸಾಲಾಗಿ ಕನ್ನಡದಲ್ಲಿ ಹೇಳಿದೆ. ಇಂಗ್ಲಿಷಿನಲ್ಲಿ ಎಷ್ಟು ಗಂಭೀರವಾಗಿ ಕಂಡದ್ದು ನನ್ನ ಬಾಯಿಂದ ಕನ್ನಡದಲ್ಲಿ ಬರುವಾಗ ಹೊಲಸು ಕಂಡಿತು. ಅಜಾಗರೂಕತೆ ಎಂಬ ಮಾತಿಗೆ ಅವರು ತಡೆದರು.

"ಅಂದ್ರ ಯಲ್ಲೇಶಪ್ಪಂದು ತಪ್ಪು ಅಂತ?"

"ಹೌದು, ಹಾಗೆ ಬರೆದಿದೆ."

"ಅವಾ ಪರದಿ ನಿಂತಿತ್ತು ಅಂತಾನ್ರಿ. ಅದು ನಿಂತಿತ್ತೋ ಇಲ್ಲೋ, ಇದರಾಗ ಏನು ಬರದೀರಿ?"

"ಅದರ ಬಗ್ಗೆ ಏನೂ ಬರೆದಿಲ್ಲ."

"ಯಾಕ್ರಿ?"

ಉತ್ತರಕ್ಕಾಗಿ ಅವರು ನಿಜವಾಗಿಯೂ ಕಾದರು. ಮುಂದಿನ ಕ್ಲಾಸಿನ ಬೆಲ್ ಆಯಿತು. ಹುಡುಗಿಯರು ಬಾಗಿಲಲ್ಲಿ ಇಣುಕಿ ಹೋದರು. "ಅದು ನಿಂತಿತ್ತು ಅಕ್ಕಾ. ನಿಲ್ಲುತ್ತದೆ ಅಂತ ನನಗೆ ಮೊದಲೇ ಗೊತ್ತಿತ್ತು" ಎಂದೆ.

ಬೈಯುತ್ತಾರೆ, ಹೊಡೆಯುತ್ತಾರೆ ಎಂದುಕೊಂಡೆ. ಅವರು ವರದಿಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡು, "ಈಗ ಹೇಳಿದ್ದು ಬರದು ಕೊಡ್ರಿ. ಕನ್ನಡದಾಗ ಬರೀರಿ" ಎಂದರು.

ಬರೆದುಕೊಟ್ಟೆ. ಅದರ ಪ್ರತಿಯನ್ನು ಗಣಿ ಸುರಕ್ಷತೆಯ ಅಧಿಕಾರಿಗಳಿಗೆ, ವಿಶ್ವವಿದ್ಯಾಲಯಕ್ಕೆ, ಪ್ರಬಂಧ ಅಚ್ಚು ಮಾಡಿದ ಪತ್ರಿಕೆಗೆ ಕಳಿಸಿದ್ದೇನೆ. ಹನ್ನೊಂದು ಪ್ರಯೋಗಗಳ ಮೂಲ ದಾಖಲೆ ನನ್ನ ಹಳೆಯ ಹಾರ್ಡ್ ಡಿಸ್ಕಿನಲ್ಲಿ ಉಳಿದಿತ್ತು. ಮುದ್ರಿಸಿ ಇದರೊಡನೆ ಇಟ್ಟಿದ್ದೇನೆ. ನಿಮ್ಮ ನೋಟ್‌ಬುಕ್ಕನ್ನೂ ಸರ್ ಕಪಾಟಿನಿಂದ ತಂದು ಇದರಲ್ಲೇ ಇಟ್ಟಿದ್ದೇನೆ. ಕೇಳಿ ತರಲಿಲ್ಲ.

ಸರ್ ಈಗ ಬೇರೆ ಹೇಳಿಕೆ ಕೊಟ್ಟಿದ್ದಾರೆ. ವಿದ್ಯಾರ್ಥಿನಿ ತನ್ನ ಗಮನಕ್ಕೆ ತರದೆ ಅಂಕಿಅಂಶ ಅಳಿಸಿದಳಂತೆ, ತಾವು ಮೋಸಹೋದರಂತೆ. ಅವರು ಹೇಳಿದ್ದಕ್ಕೆ ನನ್ನ ಬಳಿ ಸಾಕ್ಷಿ ಇಲ್ಲ. ಕಾಲೇಜು ನನ್ನನ್ನು ಬಿಡಿಸಿದೆ. ಪದವಿ ವಾಪಸ್ ಪಡೆಯುವ ಬಗ್ಗೆ ಸಮಿತಿ ಕೂತಿದೆ. ನಮ್ಮಪ್ಪನಿಗೆ ಹೇಳಿದೆ. ಅವರು, "ಆ ಮನಷ್ಯಾಗ ಕಾಲಿಲ್ಲ. ನಿನಗ ಪದವಿ ಇಲ್ಲಂತ ನನ್ನ ಮುಂದ ಅಳಬ್ಯಾಡ" ಎಂದು ಎದ್ದು ಹೋದರು. ಮೂರು ವಾರದಿಂದ ನನ್ನ ಜೊತೆ ಮಾತಿಲ್ಲ.

ಈ ಕಾಗದಗಳಿಂದ ನಿಮ್ಮ ಹೆಸರು ಚೊಕ್ಕವಾಗುತ್ತದೆ. ಕೆಲಸ ಮತ್ತೆ ಸಿಗಬಹುದು. ಕ್ಷಮಿಸಿ ಎಂದು ಬರೆಯಲು ನಾಲ್ಕು ಸಲ ಹೋಗಿ ನಿಲ್ಲಿಸಿದ್ದೇನೆ.

ಗಂಗೋತ್ರಿ


ಕಂಪ್ಲಿ
2 ಆಗಸ್ಟ್ 2024

ಗಂಗೋತ್ರಿ,

ನಿನ್ನ ಲಕೋಟೆ ಬಂದು ಹದಿನೈದು ದಿನ ಮೇಲಾಯಿತು. ಅಂಗಡಿಯ ಕಪಾಟಿನಲ್ಲಿಟ್ಟು ದಿನಾ ನೋಡುತ್ತಿದ್ದೆ. ಮೊದಲ ದಿನ ಅನ್ನಿಸಿದ್ದನ್ನು ಮೊದಲ ದಿನವೇ ಬರೆದಿದ್ದರೆ ಈ ಕಾಗದವನ್ನು ನೀನು ಹರಿದು ಹಾಕುತ್ತಿದ್ದೆ.

ಮೂರು ಭಾನುವಾರ ನಾನು ಆ ಸ್ವಿಚ್ಚಿಗೆ ಬ್ರಷ್ ಹಾಕಿ ತಿಕ್ಕಿದೆ. ಅಷ್ಟೂ ಹೊತ್ತು ನಿನಗೆ ಗೊತ್ತಿತ್ತು. ಅದನ್ನು ನಾನು ಮರೆಯುವುದಿಲ್ಲ. ಮರೆಯಬೇಕೆಂದೂ ಇಲ್ಲ.

ಆದರೆ ನನ್ನ ಹೆಸರು ಚೊಕ್ಕವಾಗುವುದಿಲ್ಲ. ಯಾಕೆಂದು ಕೇಳು.

ನವೆಂಬರಿನಲ್ಲಿ ಲಿಂಗರಾಜ್ ಸಾಹೇಬರು ರಜೆಯಲ್ಲಿದ್ದ ಮೂರು ದಿನ ಪರದೆ ನಿಲ್ಲಲಿಲ್ಲ ಎಂದು ಬರೆದಿದ್ದೆ. ಅದು ತಾನಾಗಿ ಆದದ್ದಲ್ಲ. ನಾನೇ ಯಾರಿಗೂ ಹೇಳದೆ, ನೀನು ಹೇಳಿದ ಹಾಗೆ ಒಂದೂವರೆಗೆ ಅದನ್ನು ಆಫ್ ಮಾಡಿ ಎರಡೂವರೆಗೆ ಆನ್ ಮಾಡಿದ್ದೆ. ಮೂರೂ ಮಧ್ಯಾಹ್ನ ಗಾಡಿಗಳು ನೀರಿನಲ್ಲಿ ಮೀನಿನ ಹಾಗೆ ಹರಿದವು. ನಿನ್ನ ಪ್ರಬಂಧ ಸುಳ್ಳು, ನಿನ್ನ "ಸುಮ್ಮನೆ" ನಿಜ ಎಂದು ನನಗೆ ಅಂದೇ ಖಾತ್ರಿಯಾಯಿತು.

ನಾಲ್ಕನೆಯ ದಿನ ಸಾಹೇಬರು ಬಂದರು. ನಾನು ಕೈ ಹಿಂದೆ ತೆಗೆದೆ. ಅಪ್ಪಣೆ ಇಲ್ಲದೆ ಮುಟ್ಟಿದೆನೆಂದು ಗೊತ್ತಾದರೆ ಕೆಲಸ ಹೋಗುತ್ತದೆಂದು ಹೆದರಿದೆ. ಅಲ್ಲಿಂದ ಆ ಮಂಗಳವಾರದವರೆಗೆ ದಿನಾ ಮಧ್ಯಾಹ್ನ ಒಂದೂವರೆಗೆ ಆ ಬಟನ್ ನನ್ನ ಮುಂದೆಯೇ ಇರುತ್ತಿತ್ತು. ಒಂದು ಬೆರಳಿನ ಕೆಲಸ. ನಾನು ನಿನ್ನ ಸೀಲಿಗೆ ಕಾಯುತ್ತಾ ಕೂತೆ. ಯಾಕೆಂದು ತಿಳಿಯುವುದಕ್ಕಲ್ಲ ನಿನ್ನ ಕಾಗದ ಬೇಕಾಗಿದ್ದುದು. ನಾಳೆ ಯಾರಾದರೂ ಕೇಳಿದರೆ ತೋರಿಸುವುದಕ್ಕೆ ಬೇಕಾಗಿತ್ತು.

ಗಾಳೆಪ್ಪ ಬರಲೇನು ಎಂದಾಗ ಪರದೆಯ ಜೊತೆಗೇ ನಿಂತುಬಿಡುವ ಮೂಲೆಯ ಗಡಿಯಾರ ನೋಡಬೇಕೆಂದು ನನಗೆ ಗೊತ್ತಿತ್ತು. ಇಪ್ಪತ್ತಾರು ಸಲ ಬರೆದಿಟ್ಟವನಿಗೆ ಗೊತ್ತಿರದೇ? ಅಂದು ನೋಡಲಿಲ್ಲ. ವರದಿಯ ಹನ್ನೊಂದನೇ ಪುಟದಲ್ಲಿ ನೀವಿಬ್ಬರೂ ಬರೆದ ಸುಳ್ಳಿನ ನಡುವೆ ಅದೊಂದು ನಿಜ.

ಇದನ್ನೆಲ್ಲ ಹೋದ ವಾರ ಗಾಳೆಪ್ಪನ ಮನೆಗೆ ಹೋಗಿ ಹೇಳಿದೆ. ಅವನು ಮಂಚದ ಮೇಲೆ ಕೂತಿದ್ದ. ಎಲ್ಲ ಕೇಳಿ, "ಅಂದ್ರ ಇಬ್ರಿಗೂ ಗೊತ್ತಿತ್ತು. ಗೊತ್ತಿಲ್ದಾವ ನಾನೊಬ್ಬನಽ" ಎಂದ. ಅನುಸೂಯಾ ಚಹಾ ತಂದಳು. ಅವನು ಅವಳಿಗೆ, "ಅವಗ ಬ್ಯಾಡ, ಒಯ್ಯಿ" ಎಂದ. ನಾನು ಎದ್ದು ಬಂದೆ.

ಮುಂದಿನ ಗುರುವಾರ ಸಂಡೂರಿನಲ್ಲಿ ಮರುವಿಚಾರಣೆ ಇದೆ. ನೋಟಿಸಿನಲ್ಲಿ ನಿನ್ನ ಹೆಸರೂ ಇದೆ. ನಿನ್ನ ಹನ್ನೊಂದು ಕಾಗದ, ನನ್ನ ನೋಟ್‌ಬುಕ್ಕು ಎರಡನ್ನೂ ಕೊಡುತ್ತೇನೆ. ನವೆಂಬರಿನ ಮೂರು ದಿನಗಳನ್ನೂ ಹೇಳುತ್ತೇನೆ. ಹೇಳಿದ ಮೇಲೆ ಯಾವ ಗಣಿಯವರೂ ನನ್ನನ್ನು ಒಳಗೆ ಬಿಡುವುದಿಲ್ಲ. ನಿನ್ನ ಪದವಿ ಉಳಿಯುವುದಿಲ್ಲ. ವಿಜಯಕುಮಾರ್ ಸರ್ ಬಿಳಿ ಅಂಗಿಯಲ್ಲಿ ಬಂದು, ಮೋಸಹೋದೆ ಎಂದು ಹೇಳಿ, ಬಿಳಿ ಅಂಗಿಯಲ್ಲೇ ಹೋಗುತ್ತಾರೆ. ಇಷ್ಟು ಇಬ್ಬರಿಗೂ ಗೊತ್ತಿದೆ. ಆ ವ್ಯವಸ್ಥೆಯನ್ನು ಗಣಿಯಿಂದ ಕಿತ್ತು ಹಾಕುತ್ತಾರೆ, ಅದೊಂದು ಆಗುತ್ತದೆ.

ಇನ್ನು ನನಗೆ ಬರೆಯಬೇಡ. ಗುರುವಾರ ಕಂಡರೆ ನನ್ನ ಪಕ್ಕದಲ್ಲಿ ಬಂದು ಕೂರಬೇಡ. ಗಾಳೆಪ್ಪನ ಪಕ್ಕ ಕೂತುಕೋ. ನನ್ನನ್ನು ಅವನು ಹತ್ತಿರ ಬಿಡುವುದಿಲ್ಲ, ನಿನ್ನನ್ನು ಬಿಟ್ಟಾನು. ಸಾಕ್ಷಿ ಹೇಳಲು ಹೆಸರು ಕೂಗಿದಾಗ ಅವನು ಎದ್ದು ನಿಲ್ಲಬೇಕಾಗುತ್ತದೆ. ಹಿಡಿದುಕೊಳ್ಳಲು ಒಂದು ಕೈ ಬೇಕು.

ಯಲ್ಲೇಶ್